ಒಂದು ನಿಮಿಷ ಸುಮ್ಮನೆ ಕೂರದ ತಮಗೋಚಿ: ಮೊಟ್ಟೆಯಿಂದ ಮುಪ್ಪಿನ ತನಕ ಸಾಕುವುದು ಹೇಗೆ?

ಸುಂಟಿಕೊಪ್ಪದ ಅಮ್ಮ

ಎಲ್ಲರಿಗೂ ನಮಸ್ಕಾರ. ನಮ್ಮ ಮೈದುನ ಸಿಂಗಾಪುರದಿಂದ ಬರುವಾಗ ಮಗನಿಗೆ ಒಂದು ತಮಗೋಚಿ ತಂದಿದ್ದಾರೆ, ಸ್ಕ್ರೀನಿನೊಳಗೆ ಮರಿ ಸಾಕುವ ಆಟಿಕೆ. ಹಳೇ ಮಾದರಿಯನ್ನೇ ಈಗ ಮತ್ತೆ ಬಿಟ್ಟಿದ್ದಾರಲ್ಲ, ಅದು. ಮೊಟ್ಟೆ ಆಕಾರ, ಕಪ್ಪು ಬಿಳುಪು ಸ್ಕ್ರೀನ್, ಕೆಳಗೆ ಮೂರು ಗುಂಡಿ. ಮಗ ಆರನೇ ಕ್ಲಾಸು.

ಮಳೆ ರಜೆ ಕೊಟ್ಟಿದ್ದಾರೆ, ಹಾಗಾಗಿ ಬೆಳಗ್ಗಿನಿಂದ ಅವನಿಗೆ ಅದೇ ಕೆಲಸ. ಆ ಜೀವಿ ಮಾತ್ರ ಒಂದು ಕಡೆ ನಿಲ್ಲುವುದಿಲ್ಲ. ಈ ತುದಿಯಿಂದ ಆ ತುದಿಗೆ ಕುಪ್ಪಳಿಸುತ್ತಲೇ ಇರುತ್ತದೆ. ಊಟ ಕೊಟ್ಟ ಮೇಲೂ ಪೀಂ ಪೀಂ ಅಂತ ಕೂಗುತ್ತದೆ. ಅತ್ತೆ ಒಲೆ ಮುಂದೆ ಅಕ್ಕಿ ರೊಟ್ಟಿ ತಟ್ಟುತ್ತಾ, "ಹೊರಗೆ ಎಲ್ಲೋ ಕೋಳಿ ಮರಿ ಸಿಕ್ಕಿಹಾಕಿಕೊಂಡಿದೆ, ನೋಡಿ ಬಾ" ಅಂದರು.

ನನ್ನ ಪ್ರಶ್ನೆ ಇಷ್ಟೇ. ಇದು ಎಷ್ಟು ದಿನ ಬದುಕುತ್ತದೆ? ಹಸಿವಿಗೆ ಕೂಗುತ್ತದೋ ತಂಟೆಗೆ ಕೂಗುತ್ತದೋ ಗೊತ್ತಾಗುವುದು ಹೇಗೆ? ಸ್ಕೂಲು ಶುರುವಾದ ಮೇಲೆ ಯಾರು ನೋಡಿಕೊಳ್ಳಬೇಕು? ಮ್ಯಾನುಯಲ್ ಕಾಗದದಲ್ಲಿ ಅಕ್ಷರ ಇರುವೆ ಸಾಲಿನ ಹಾಗೆ ಇದೆ, ಓದಲಿಕ್ಕೆ ಆಗಲಿಲ್ಲ.

ರೊಬಸ್ಟಾ ರಾಯ

ಅಕ್ಕಾ, ಗಾಬರಿ ಬೇಡ. ಮೊದಲ ದಿನ ಎಲ್ಲರಿಗೂ ಹೀಗೇ ಅನಿಸುವುದು. ನಾನು ಇದನ್ನು ಹಾಸ್ಟೆಲ್‌ನಲ್ಲಿ ದಿಂಬಿನ ಕೆಳಗೆ ಇಟ್ಟುಕೊಂಡು ಸಾಕಿದವನು. ಸ್ವಲ್ಪ ಉದ್ದ ಬರೀತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಗಡಿಯಾರ ಸರಿ ಮಾಡಿ ಇಟ್ಟರೆ ಐದು ನಿಮಿಷಕ್ಕೆ ಮೊಟ್ಟೆ ಒಡೆಯುತ್ತದೆ. ಆಮೇಲಿನ ಒಂದು ಗಂಟೆಯೇ ಇಡೀ ಆಯುಷ್ಯದಲ್ಲಿ ಜಾಸ್ತಿ ಕಷ್ಟದ್ದು. ಕೆಲವೇ ನಿಮಿಷಕ್ಕೆ ಹೊಟ್ಟೆ ಖಾಲಿ, ಮತ್ತೆ ಕೂಗು. ಆ ಗಂಟೆ ಯಾರಾದರೂ ಪಕ್ಕದಲ್ಲೇ ಕೂರಬೇಕು. ನಿಮ್ಮದು ಅದನ್ನು ದಾಟಿದೆ ಅನಿಸುತ್ತದೆ. ಈಗ ಗುಂಡಗೆ, ಮುಖ ಮಾತ್ರ ಇರುವ ಹಾಗೆ ಕಾಣುತ್ತಿದ್ದರೆ ಅದು ಮರುಚಿ ಅನ್ನುವ ಎಳೇ ರೂಪ. ಅದು ಕುಪ್ಪಳಿಸುವುದು ಕಾಯಿಲೆ ಅಲ್ಲ, ಅದರ ಸ್ವಭಾವ.

ಕೂಗಿದಾಗ ಮೊದಲು ತಕ್ಕಡಿ ಚಿತ್ರ ಒತ್ತಿ ನೋಡಿ. ವಯಸ್ಸು, ತೂಕ, ಶಿಸ್ತು, ಹಸಿವು, ಖುಷಿ ಅಂತ ಒಂದೊಂದಾಗಿ ಬರುತ್ತದೆ. ಹಸಿವಿಗೆ ನಾಲ್ಕು ಹೃದಯ, ಖುಷಿಗೆ ನಾಲ್ಕು ಹೃದಯ. ಇದರಲ್ಲಿ ಯಾವುದಾದರೂ ಪೂರ್ತಿ ಖಾಲಿ ಆಗಿದ್ದರೆ ಅದು ನಿಜವಾದ ಕೂಗು. ಎರಡೂ ಖಾಲಿ ಆಗಿಲ್ಲ, ಕಾಯಿಲೆಯೂ ಇಲ್ಲ, ನಿದ್ದೆ ಹೊತ್ತೂ ಅಲ್ಲ, ಆದರೂ ಕೂಗುತ್ತಿದೆ ಅಂದರೆ ತಂಟೆ. ಆಗ ಬೈಯುವ ಚಿತ್ರ ಒತ್ತಬೇಕು. ಪ್ರತಿ ಸಲ ಸರಿಯಾದ ಹೊತ್ತಿಗೆ ಬೈದರೆ ಶಿಸ್ತಿನ ಪಟ್ಟಿ ಕಾಲು ಭಾಗ ಏರುತ್ತದೆ. ತುಂಬಾ ಜನ ಇಲ್ಲೇ ಎಡವುವುದು. ಪಾಪ ಅಂತ ತಿಂಡಿ ಕೊಡುತ್ತಾರೆ.

ಊಟ ಬೇರೆ, ತಿಂಡಿ ಬೇರೆ. ಊಟಕ್ಕೆ ಹಸಿವು ಇಳಿಯುತ್ತದೆ, ತೂಕ ಒಂದು ಏರುತ್ತದೆ. ತಿಂಡಿಗೆ ಖುಷಿ ಏರುತ್ತದೆ, ತೂಕ ಎರಡು ಏರುತ್ತದೆ. ಹೊಟ್ಟೆ ತುಂಬಿದ್ದರೆ ಊಟ ಬೇಡ ಅನ್ನುತ್ತದೆ, ತಿಂಡಿ ಮಾತ್ರ ಎಷ್ಟು ಕೊಟ್ಟರೂ ಬೇಡ ಅನ್ನುವುದಿಲ್ಲ. ನಮ್ಮ ಮನೆ ಮಕ್ಕಳೂ ಹಾಗೇ ಅಲ್ವಾ. ತೂಕ ಇಳಿಸಬೇಕು ಅಂದರೆ ಆಟ ಆಡಿಸಬೇಕು. ಎಡಕ್ಕೆ ತಿರುಗುತ್ತೋ ಬಲಕ್ಕೋ ಅಂತ ಐದು ಸಲ ಊಹಿಸಬೇಕು, ಮೂರು ಸರಿ ಬಂದರೆ ಗೆದ್ದ ಹಾಗೆ. ಗೆಲ್ಲಲಿ ಸೋಲಲಿ, ತೂಕ ಒಂದು ಇಳಿಯುತ್ತದೆ. ಚುರುಕು ಮರಿಗೆ ಇದೇ ಮದ್ದು, ತಿಂಡಿ ಅಲ್ಲ.

ಕುಶಾಲನಗರ ಮೇಷ್ಟ್ರು

ರಾಯರು ಒಂದು ಮಾತು ಬಿಟ್ಟರು. ನಿಜವಾದ ಕೂಗಿಗೆ ಸುಮಾರು ಹದಿನೈದು ನಿಮಿಷದೊಳಗೆ ಓಗೊಡದಿದ್ದರೆ ಅದರ ಲೆಕ್ಕದಲ್ಲಿ ಒಂದು ತಪ್ಪು ಬೀಳುತ್ತದೆ. ಆ ಲೆಕ್ಕ ಸ್ಕ್ರೀನಿನ ಮೇಲೆ ಎಲ್ಲೂ ಕಾಣುವುದಿಲ್ಲ. ದೊಡ್ಡದಾದ ಮೇಲೆ ಏನಾಗುತ್ತದೆ ಅಂತ ತೀರ್ಮಾನ ಆಗುವುದು ಈ ಕಾಣದ ಲೆಕ್ಕ ಮತ್ತು ಶಿಸ್ತಿನ ಮೇಲೆ. ರಾತ್ರಿ ಅದು ಮಲಗಿದಾಗ ದೀಪ ಆರಿಸದಿದ್ದರೂ ತಪ್ಪೇ. ಮರುಚಿ ರಾತ್ರಿ 8ಕ್ಕೇ ಮಲಗುತ್ತದೆ, ಬೆಳಗ್ಗೆ 9ಕ್ಕೆ ಏಳುತ್ತದೆ. ಪುಣ್ಯಾತ್ಮ.

ಇನ್ನು ಸ್ಕೂಲಿಗೆ ತರುವ ವಿಷಯ. ದಯವಿಟ್ಟು ಬೇಡ. ನನ್ನ ಕ್ಲಾಸಿನಲ್ಲಿ ಪೀಂ ಅಂದರೆ ಅದು ಮೇಜಿನ ಡ್ರಾಯರ್‌ಗೆ ಹೋಗುತ್ತದೆ, ಸಂಜೆ ತನಕ ಅಲ್ಲೇ ಉಪವಾಸ. ಇದು ಇವತ್ತಿನ ಜಗಳವೂ ಅಲ್ಲ. ಬಂದಾಯ್ ಕಂಪನಿ ಇದನ್ನು ಜಪಾನಿನಲ್ಲಿ ಬಿಟ್ಟಿದ್ದು 1996ರ ನವೆಂಬರಿನಲ್ಲಿ, ಬೇರೆ ದೇಶಗಳಿಗೆ ಬಂದದ್ದು 1997ರಲ್ಲಿ. ಆ ವರ್ಷವೇ ಎಷ್ಟೋ ಶಾಲೆಗಳು ಇದನ್ನು ನಿಷೇಧ ಮಾಡಿದವು. ಆಗಿನದು ಅರ್ಧ ದಿನ ಬಿಟ್ಟರೆ ಸತ್ತೇ ಹೋಗುತ್ತಿತ್ತು. ಮಕ್ಕಳು ಕ್ಲಾಸಿನಲ್ಲಿ ಅಳುತ್ತಿದ್ದರು, ಆಫೀಸಿಗೆ ಹೋಗುವ ಅಪ್ಪ ಅಮ್ಮ ಜೇಬಿನಲ್ಲಿ ಇಟ್ಟುಕೊಂಡು ಹೋಗುತ್ತಿದ್ದರು. ಅದನ್ನು ರೂಪಿಸಿದ ಅಕಿ ಮೈತಾ ಮತ್ತು ಅಕಿಹಿರೊ ಯೊಕೊಯಿ ಅವರಿಗೆ 1997ರಲ್ಲೇ ಅರ್ಥಶಾಸ್ತ್ರದ ಇಗ್ ನೊಬೆಲ್ ಕೊಟ್ಟರು. ನಗಿಸಲಿಕ್ಕೆ ಕೊಡುವ ಪ್ರಶಸ್ತಿ ಅದು. ಕಾರಣ ಏನು ಗೊತ್ತಾ, ಲಕ್ಷಾಂತರ ಗಂಟೆಗಳ ಕೆಲಸದ ಹೊತ್ತನ್ನು ಇಲ್ಲದ ಪ್ರಾಣಿ ಸಾಕುವುದಕ್ಕೆ ತಿರುಗಿಸಿದ್ದಕ್ಕೆ!

ಬಾಳೆಲೆ ಬೋಜಣ್ಣ

ಕ್ಷಮಿಸಿ, ನನಗೆ ಇದು ಅರ್ಥವೇ ಆಗುವುದಿಲ್ಲ. ಇಲ್ಲಿ ನಿನ್ನೆ ರಾತ್ರಿ ಆನೆ ಬಂದು ಬಾಳೆ ಎಲ್ಲ ಮುರಿದು ಹೋಗಿದೆ. ಮನೆಯಲ್ಲಿ ನಾಯಿ ಇದೆ, ಹಸು ಇದೆ, ಕೋಳಿ ಇದೆ. ಮಗುವಿಗೆ ಜವಾಬ್ದಾರಿ ಕಲಿಸಬೇಕಾದರೆ ಬೆಳಗ್ಗೆ ಎದ್ದು ಕೊಟ್ಟಿಗೆಗೆ ಹೋಗಲಿ. ಬ್ಯಾಟರಿ ಹಾಕಿದ ಪ್ರಾಣಿ ಯಾಕೆ?

ರೊಬಸ್ಟಾ ರಾಯ

ಬೋಜಣ್ಣ, ನಿಮ್ಮ ಬಾಳೆ ಹೋದದ್ದಕ್ಕೆ ಬೇಜಾರಾಯಿತು. ಅರಣ್ಯ ಇಲಾಖೆಗೆ ಅರ್ಜಿ ಹಾಕಿ, ಫೋಟೋ ತೆಗೆದಿಡಿ.

ಆದರೆ ಒಂದು ಮಾತು. ನಿಮ್ಮ ಮನೆ ನಾಯಿಗೆ ಮಗ ಊಟ ಹಾಕಲಿಲ್ಲ ಅಂದರೆ ನೀವು ಹಾಕುತ್ತೀರಿ. ನೀವು ಮರೆತರೆ ತೋಟದ ಕೆಲಸದವರ ಲೈನ್ ಮನೆಯಲ್ಲಿ ಯಾರೋ ಹಾಕುತ್ತಾರೆ. ಹುಡುಗ ಮರೆತದ್ದು ಯಾರಿಗೂ ಗೊತ್ತಾಗುವುದೇ ಇಲ್ಲ. ಇದಕ್ಕೆ ಹಾಗಲ್ಲ. ಇದಕ್ಕೆ ಇರುವುದು ಒಬ್ಬನೇ. ಮೂರು ದಿನ ಹೇಗೆ ನೋಡಿಕೊಂಡ ಅನ್ನುವುದು ನಾಲ್ಕನೇ ದಿನ ಅದರ ಮುಖದಲ್ಲೇ ಕಾಣುತ್ತದೆ. ಚೆನ್ನಾಗಿ ನೋಡಿದ್ದರೆ ಮೂರು ವರ್ಷಕ್ಕೆ ತಮಾಚಿ ಆಗುತ್ತದೆ, ಇಲ್ಲದಿದ್ದರೆ ಕೊಕ್ಕು ಬಂದ ಹಾಗೆ ಬಾಯಿ ಮುಂದೆ ಚಾಚಿದ ಕುಚಿತಮಾಚಿ. ಅದರ ಒಂದು ವರ್ಷ ನಮ್ಮ ಒಂದು ದಿನ.

ನಾಯಿಗೆ ಬದಲು ಇದು ಅಂತ ನಾನು ಹೇಳುವುದೇ ಇಲ್ಲ. ಎರಡೂ ಇರಲಿ.

ಬಾಳೆಲೆ ಬೋಜಣ್ಣ

ಫೋಟೋ ತೆಗೆದಾಯಿತು. ನಿಮ್ಮ ಮಾತು ಅರ್ಧ ಒಪ್ಪುತ್ತೇನೆ, ಇನ್ನರ್ಧ ಆಮೇಲೆ.

ಗೋಣಿಕೊಪ್ಪ ಗ್ರೇಮಾನ್

ಚುರುಕು ಅಂದರೆ ಇದೆಲ್ಲ ಏನೂ ಅಲ್ಲ. ಬಂದಾಯ್ 1997ರಲ್ಲೇ ಬಿಟ್ಟ ಡಿಜಿಟಲ್ ಮಾನ್‌ಸ್ಟರ್ ಸಾಕಿ ನೋಡಿ. ತಮಗೋಚಿಯ ತಮ್ಮ ಅದು, ಹುಡುಗರಿಗೆ ಅಂತ ಮಾಡಿದ್ದು. ಡ್ರ್ಯಾಗನ್ ಮರಿ, ಡೈನೊಸಾರ್ ಮರಿ ಆ ಥರ. ಅದಕ್ಕೆ ಊಟ ಹಾಕಿದರೆ ಸಾಲದು, ದಿನಾ ಕಸರತ್ತು ಮಾಡಿಸಬೇಕು. ಕಸರತ್ತಿಗೆ ತೂಕ ಇಳಿಯುತ್ತದೆ, ಬಲ ಏರುತ್ತದೆ. ಎರಡು ಯಂತ್ರದ ತಲೆಗೆ ತಲೆ ಜೋಡಿಸಿದರೆ ಎರಡು ಮರಿ ಕುಸ್ತಿ ಆಡುತ್ತವೆ. ಕುಸ್ತಿಯಲ್ಲಿ ಗಾಯ ಆಗುತ್ತದೆ, ಮದ್ದು ಹಾಕಬೇಕು.

ನಾನು ಮತ್ತು ಚಿಕ್ಕಪ್ಪನ ಮಗ ಪುತ್ತರಿ ಹಬ್ಬಕ್ಕೆ ಸೇರಿದರೆ ಮೊದಲು ಆಗುವುದು ಈ ಕುಸ್ತಿ, ಆಮೇಲೆ ಪಟಾಕಿ. ಚೆನ್ನಾಗಿ ಕಸರತ್ತು ಮಾಡಿಸಿ, ಕೂಗಿಗೆ ಓಗೊಟ್ಟು ಬೆಳೆಸಿದರೆ ಅಗುಮಾನ್ ಅನ್ನುವ ಮರಿ ಹೋಗಿ ಗ್ರೇಮಾನ್ ಆಗುತ್ತದೆ. ಸುಮ್ನೆ ಬಿಟ್ಟರೆ ನುಮೆಮಾನ್. ಅದು ಹಸಿರು ಬಣ್ಣದ ಗೊಂಡೆಹುಳದ ಥರ ಇರುತ್ತದೆ, ಮಳೆಗಾಲದಲ್ಲಿ ನಮ್ಮ ಅಂಗಳದಲ್ಲಿ ಕಾಣುವ ಜಾತಿಯೇ. ಜನ ಅದನ್ನು ಬೈಯುತ್ತಾರೆ. ನನಗೆ ಮಾತ್ರ ಅದರ ಮೇಲೆ ಪ್ರೀತಿ.

ಪೊನ್ನಂಪೇಟೆ ಪಿಕ್ಸೆಲ್

ಕಂಪ್ಯೂಟರಿನಲ್ಲಿ ಇಡೀ ಜೀವನ ಸಾಕಬೇಕು ಅನ್ನುವವರು 1996ರ ಕ್ರಿಯೇಚರ್ಸ್ ಅನ್ನುವ ಆಟ ಹುಡುಕಿ. ಸ್ಟೀವ್ ಗ್ರ್ಯಾಂಡ್ ಮಾಡಿದ್ದು. ಅದರಲ್ಲಿನ ನಾರ್ನ್ ಅನ್ನುವ ಜೀವಿಗೆ ತನ್ನದೇ ಮಿದುಳು, ತನ್ನದೇ ಜೀನು. ಮೊಟ್ಟೆಯಿಂದ ಹೊರಗೆ ಬಂದ ಮೇಲೆ ನೀವೇ ಮಾತು ಕಲಿಸಬೇಕು. ತಲೆ ಕಡೆ ಕ್ಲಿಕ್ ಮಾಡಿದರೆ ಕಚಗುಳಿ, ಹಿಂದೆ ಕ್ಲಿಕ್ ಮಾಡಿದರೆ ಒಂದು ಪೆಟ್ಟು. ಸರಿ ಮಾಡಿದ ತಕ್ಷಣ ಕಚಗುಳಿ ಇಡಬೇಕು. ತಡ ಮಾಡಿದರೆ ಯಾವುದಕ್ಕೆ ಇಟ್ಟಿರಿ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಬೆಳೆದು, ಮೊಟ್ಟೆ ಇಟ್ಟು, ಮುದಿಯಾಗಿ ಸಾಯುತ್ತದೆ. ಮೊಮ್ಮಗುವಿನಲ್ಲಿ ಅಜ್ಜಿಯ ಬಣ್ಣ ಕಾಣಿಸಿಕೊಳ್ಳುವುದನ್ನು ನೋಡುವ ಮಜಾವೇ ಬೇರೆ.

ಸಾವು ಬೇಡವೇ ಬೇಡ ಅನ್ನುವವರಿಗೆ 1999ರಲ್ಲಿ ಶುರುವಾದ ನಿಯೋಪೆಟ್ಸ್ ಅನ್ನುವ ವೆಬ್‌ಸೈಟ್ ಇದೆ. ಅಲ್ಲಿ ಹಸಿವಿನಿಂದ ಒದ್ದಾಡುತ್ತವೆ, ಸಾಯುವುದಿಲ್ಲ.

ಸುಂಟಿಕೊಪ್ಪದ ಅಮ್ಮ

ಎಲ್ಲರಿಗೂ ಥ್ಯಾಂಕ್ಸ್. ಸ್ಕೂಲು ಶುರುವಾಯಿತು. ಈಗ ಹೊಸ ಸಮಸ್ಯೆ.

ಹಗಲು ನಾನು ತೋಟದ ಲೆಕ್ಕ, ಗೊಬ್ಬರ ಅಂತ ಓಡಾಡುತ್ತೇನೆ. ಹಾಗಾಗಿ ಮರಿಯನ್ನು ಅತ್ತೆ ಕೈಗೆ ಕೊಟ್ಟೆವು. ಅವರು ಎಲೆ ಅಡಿಕೆ ಡಬ್ಬಿ ಪಕ್ಕದಲ್ಲಿ ಇಟ್ಟುಕೊಳ್ಳುತ್ತಾರೆ. ಕೂಗಿದ ಕೂಡಲೇ ಕನ್ನಡಕ ಏರಿಸಿ, ಹೆಬ್ಬೆರಳ ಉಗುರಿನ ತುದಿಯಲ್ಲಿ ಗುಂಡಿ ಒತ್ತುತ್ತಾರೆ. ಗುಂಡಿ ಚಿಕ್ಕದು, ಅವರ ಬೆರಳು ದಪ್ಪ. ಹೊಲಸು ಮಾಡಿದ್ದರೆ ತಕ್ಷಣ ತೊಳೆಯುತ್ತಾರೆ, ರಾತ್ರಿ ದೀಪ ಆರಿಸುವುದನ್ನು ಮರೆಯುವುದಿಲ್ಲ. ಅದೆಲ್ಲ ಸರಿ. ಆದರೆ ಬೈಯುವುದಿಲ್ಲ! "ಮಗು ಕರೆದರೆ ಬೈಯುವುದುಂಟಾ" ಅಂತ ಪ್ರತಿ ಸಲ ತಿಂಡಿ. ಮಗ ಸ್ಕೂಲಿನಿಂದ ಬಂದು ತೂಕ ನೋಡಿ ಕೂಗಾಡುತ್ತಾನೆ. ಶಿಸ್ತು ಅರ್ಧವೂ ದಾಟಿಲ್ಲ. ಈಗ ತಮಾಚಿ ಆಗಿದೆ, ಆದರೆ ಮುಂದೆ ಕೆಟ್ಟು ಹೋಗುತ್ತದೆ ಅಂತ ಅವನ ಚಿಂತೆ. ನಾನು ಯಾರ ಪರ ಮಾತಾಡಲಿ?

ಕುಶಾಲನಗರ ಮೇಷ್ಟ್ರು

ಸ್ಕೂಲಿನ ಹೊತ್ತಿಗೆ ಗಡಿಯಾರ ನಿಲ್ಲಿಸುವ ದಾರಿ ಒಂದಿದೆ. ನಡುವಿನ ಬಿ ಗುಂಡಿ ಒತ್ತಿದರೆ ಗಡಿಯಾರ ಬರುತ್ತದೆ. ಅಲ್ಲಿ ಎಡದ ಎ ಮತ್ತು ಬಲದ ಸಿ ಒಟ್ಟಿಗೆ ಒತ್ತಿದರೆ ಟೈಮ್ ತಿದ್ದುವ ಜಾಗಕ್ಕೆ ಹೋಗುತ್ತದೆ. ಹಾಗೇ ಬಿಟ್ಟರೆ ಮರಿಯ ಕಾಲ ನಿಂತಿರುತ್ತದೆ. ಸಂಜೆ ಬಂದು ಸರಿಯಾದ ಟೈಮ್ ಇಟ್ಟು ಹೊರಗೆ ಬರಬೇಕು, ಇಲ್ಲದಿದ್ದರೆ ನಿದ್ದೆ ಹೊತ್ತು ಏರುಪೇರಾಗುತ್ತದೆ. ಶಬ್ದ ಬೇಡ ಅಂದರೆ ಮರಿ ಕಾಣುವ ಸ್ಕ್ರೀನಿನಲ್ಲೇ ಎ, ಸಿ ಒಟ್ಟಿಗೆ ಒತ್ತಿ.

ರೊಬಸ್ಟಾ ರಾಯ

ಮೇಷ್ಟ್ರೇ, ಆ ದಾರಿ ನನಗೆ ಗೊತ್ತಿತ್ತು, ಬೇಕೆಂದೇ ಹೇಳಲಿಲ್ಲ. ದಿನಾ ನಿಲ್ಲಿಸುತ್ತಾ ಹೋದರೆ ಹಗಲಿನ ಸಾಕಾಟ ಏನೂ ಉಳಿಯುವುದಿಲ್ಲ. ಊರಿಗೆ ಹೋಗುವಾಗ, ಮದುವೆ ಮನೆಯಲ್ಲಿ, ಮಡಿಕೇರಿ ದಸರಾ ರಾತ್ರಿ ಮಂಟಪ ನೋಡಲಿಕ್ಕೆ ಹೋದಾಗ ಸರಿ. ದಿನಾ ಬೇಡ. ಅದಕ್ಕಿಂತ ಅತ್ತೆಯವರೇ ವಾಸಿ.

ಅಕ್ಕಾ, ನೀವು ಅತ್ತೆಯವರ ಪರವೇ ಮಾತಾಡಿ! ಹೇಳುತ್ತೇನೆ ಕೇಳಿ. ಆರೇಳು ವರ್ಷಕ್ಕೆ ಅದು ದೊಡ್ಡದಾಗುತ್ತದೆ. ಕೂಗಿಗೆ ತಪ್ಪದೆ ಓಗೊಟ್ಟು, ಶಿಸ್ತೂ ಪೂರ್ತಿ ಇದ್ದರೆ ಮಮೇಚಿ. ಎಲ್ಲರೂ ಆಸೆ ಪಡುವುದು ಅದಕ್ಕೆ, ಜಾಣ, ಆರೋಗ್ಯವಂತ. ಶಿಸ್ತು ಮುಕ್ಕಾಲು ಇದ್ದರೆ ಗಿಂಜಿರೋಚಿ. ಪ್ರೀತಿ ಪೂರ್ತಿ, ಶಿಸ್ತು ಅರ್ಧ ಅಥವಾ ಅದಕ್ಕೂ ಕಡಿಮೆ ಇದ್ದರೆ ಮಾಸ್ಕುಚಿ, ಮುಖವಾಡ ಹಾಕಿದ ಹಾಗೆ ಇರುತ್ತದೆ. ಕಂಪನಿಯವರು ಗುಟ್ಟಿನ ಪಾತ್ರ ಒಂದು ಬಚ್ಚಿಟ್ಟಿದ್ದಾರೆ, ಓಯಾಜಿಚಿ, ನಡುವಯಸ್ಸಿನ ಮಾಮನ ಮುಖದ್ದು. ಅದು ಹುಟ್ಟುವುದು ಮಮೇಚಿಯಿಂದ ಅಲ್ಲ. ಮಾಸ್ಕುಚಿಯಿಂದ! ಪ್ರತಿ ಮಾಸ್ಕುಚಿಯೂ ಆಗುವುದಿಲ್ಲ, ಆದರೆ ಅದಕ್ಕೆ ಇರುವುದು ಆ ಒಂದೇ ದಾರಿ.

ಅಂದರೆ ಮುದ್ದು ಮಾಡಿ, ಬೈಯದೆ, ಆದರೆ ಒಂದು ಕರೆಗೂ ಕಿವುಡಾಗದೆ ಸಾಕಿದವರಿಗೆ ಮಾತ್ರ ಅದು ಸಿಗುವ ಅವಕಾಶ. ನಿಮ್ಮ ಅತ್ತೆ ಮ್ಯಾನುಯಲ್ ಓದದೇ ಅದನ್ನು ಮಾಡುತ್ತಿದ್ದಾರೆ. ಮಗನಿಗೆ ಹೇಳಿ, ಸಂಜೆ ಬಂದು ಆಟ ಆಡಿಸಿ ತೂಕ ಇಳಿಸಲಿ. ಅಜ್ಜಿಗೆ ತಿಂಡಿ, ಮೊಮ್ಮಗನಿಗೆ ಕಸರತ್ತು. ಕೆಲಸ ಹಂಚಿಕೊಂಡ ಹಾಗಾಯಿತು.

ಕಾಡುಮಲ್ಲಿಗೆ, ಸೋಮವಾರಪೇಟೆ

ಇದನ್ನು ಓದಿ ಜೋರಾಗಿ ನಕ್ಕೆ. ಬಸ್ಸಿನಲ್ಲಿ ಪಕ್ಕದವರು ನೋಡಿದರು.

ನನ್ನ ಪ್ರಶ್ನೆ ಬೇರೆ. ನಮ್ಮ ಮಗಳದ್ದು ಮುದಿಯಾಗಿದೆ. ಹೃದಯ ಬೇಗ ಬೇಗ ಖಾಲಿ ಆಗುತ್ತಿದೆ, ತಲೆಬುರುಡೆ ಚಿತ್ರ ಪದೇ ಪದೇ ಬರುತ್ತಿದೆ. ಮದ್ದು ಒಂದು ಸಲ ಕೊಟ್ಟರೆ ಹೋಗುತ್ತಿಲ್ಲ. ಅವಳು ಮೂರನೇ ಕ್ಲಾಸು. ಸತ್ತರೆ ಅವಳು ಮಲಗಿರುವಾಗ ಹೊಸ ಮೊಟ್ಟೆ ಶುರು ಮಾಡಿ, ಗೊತ್ತಾಗದ ಹಾಗೆ ಇಟ್ಟುಬಿಡಲಾ? ಅವರಪ್ಪ ಹಾಗೇ ಮಾಡು ಅನ್ನುತ್ತಾರೆ.

ರೊಬಸ್ಟಾ ರಾಯ

ಮದ್ದು ಕೆಲವು ಸಲ ಎರಡು ಸರ್ತಿ ಕೊಡಬೇಕಾಗುತ್ತದೆ. ಬುರುಡೆ ಹೋಗುವ ತನಕ ಕೊಡಿ. ಮುಪ್ಪಿನಲ್ಲಿ ಇದು ಸಹಜ, ನಿಮ್ಮ ಮಗಳ ಕೈತಪ್ಪು ಅಲ್ಲ ಅಂತ ಮೊದಲು ಅವಳಿಗೆ ಹೇಳಿ. ಮುದಿಯಾಗುವ ತನಕ ಬದುಕಿದೆ ಅಂದರೆ ಅವಳು ಚೆನ್ನಾಗಿಯೇ ಸಾಕಿದ್ದಾಳೆ. ಕೊನೇ ದಿನಗಳಲ್ಲಿ ಆಟ ಕಡಿಮೆ ಮಾಡಬೇಕು ಅಂತ ಏನಿಲ್ಲ. ಅದು ಕುಣಿಯುವಷ್ಟು ದಿನ ಕುಣಿಯಲಿ.

ಗುಟ್ಟಾಗಿ ಬದಲಾಯಿಸುವುದು ಆಗದ ಕೆಲಸ. ಹೊಸದು ಮೊಟ್ಟೆಯಿಂದಲೇ ಬರುತ್ತದೆ, ವಯಸ್ಸು ಸೊನ್ನೆ ತೋರಿಸುತ್ತದೆ. ಮೂರನೇ ಕ್ಲಾಸಿನ ಮಗುವಿಗೆ ಅಷ್ಟು ಲೆಕ್ಕ ಬರುವುದಿಲ್ವಾ?

ಕುಶಾಲನಗರ ಮೇಷ್ಟ್ರು

ಬದಲಾಯಿಸಲಿಕ್ಕೆ ಆಗುತ್ತಿದ್ದರೂ ಬೇಡ ಅನ್ನುತ್ತೇನೆ. ಅವಳಿಗೆ ಗೊತ್ತಾದರೆ ಅಳುವುದು ಮರಿ ಸತ್ತದ್ದಕ್ಕಲ್ಲ, ನೀವು ಮುಚ್ಚಿಟ್ಟಿದ್ದಕ್ಕೆ.

ಜಪಾನಿನ ಮೂಲ ಆವೃತ್ತಿಯಲ್ಲಿ ಸತ್ತಾಗ ದೆವ್ವ, ಸಮಾಧಿ ಕಾಣುತ್ತಿತ್ತು. ಇಂಗ್ಲಿಷ್ ಆವೃತ್ತಿಗೆ ಅದನ್ನು ಮೆತ್ತಗೆ ಮಾಡಿ, ರೆಕ್ಕೆ ಬಂದು ತನ್ನ ಗ್ರಹಕ್ಕೆ ವಾಪಸ್ ಹೋಯಿತು ಅನ್ನುವ ಹಾಗೆ ಬದಲಾಯಿಸಿದರು. ಅಷ್ಟು ಮೆತ್ತಗೆ ಮಾಡಿದ್ದು ಸಾಕು, ಇನ್ನೂ ಮೆತ್ತಗೆ ಮಾಡುವ ಅಗತ್ಯ ಇಲ್ಲ. ಹೊಸ ಮೊಟ್ಟೆಗೆ ಎ ಮತ್ತು ಸಿ ಒಟ್ಟಿಗೆ ಒತ್ತಬೇಕು. ಆ ಗುಂಡಿ ಅವಳೇ ಒತ್ತಲಿ, ಅವಳಿಗೆ ಮನಸ್ಸು ಬಂದಾಗ. ವಾರ ಬಿಟ್ಟು ಒತ್ತಿದರೂ ಪರವಾಗಿಲ್ಲ.

ಬಾಳೆಲೆ ಬೋಜಣ್ಣ

ನಾನೂ ಮೇಷ್ಟ್ರ ಕಡೆ. ನಮ್ಮ ಹಳೇ ನಾಯಿ ಸತ್ತಾಗ ಮಕ್ಕಳಿಗೆ "ಕಾಡಿಗೆ ಹೋಯಿತು" ಅಂತ ಹೇಳೋಣ ಅಂದಿದ್ದರು ಮನೆಯಲ್ಲಿ. ನಾನು ಬೇಡ ಅಂದೆ. ಮಕ್ಕಳೇ ಗುಂಡಿ ತೋಡಲಿಕ್ಕೆ ಬಂದರು. ಇನ್ನರ್ಧವೂ ಒಪ್ಪಿದೆ ರಾಯರೇ.

ಗೋಣಿಕೊಪ್ಪ ಗ್ರೇಮಾನ್

ಮಗಳಿಗೆ ಒಂದು ಪುಸ್ತಕ ಕೊಡಿ. ಹೆಸರು, ಹುಟ್ಟಿದ ದಿನ, ಏನೇನಾಯಿತು, ಎಷ್ಟು ವರ್ಷ ಬದುಕಿತು ಅಂತ ಬರೆದು ಪಕ್ಕದಲ್ಲಿ ಚಿತ್ರ ಬಿಡಿಸಲಿ. ಚುಕ್ಕಿ ಚುಕ್ಕಿ ಚಿತ್ರ ಆದ್ದರಿಂದ ಲೆಕ್ಕದ ಚೌಕುಳಿ ಪುಸ್ತಕದಲ್ಲಿ ಚೆನ್ನಾಗಿ ಬರುತ್ತದೆ. ನನ್ನ ನುಮೆಮಾನ್‌ಗಳೆಲ್ಲ ಅಂಥ ಪುಸ್ತಕದಲ್ಲಿ ಇವೆ.

ಕಾಡುಮಲ್ಲಿಗೆ, ಸೋಮವಾರಪೇಟೆ

ಹೋಯಿತು, ನಿನ್ನೆ ಸಂಜೆ. ಅವಳು ನೋಡುತ್ತಿದ್ದಾಗಲೇ. ಸ್ವಲ್ಪ ಅತ್ತಳು, ಆಮೇಲೆ "ರೆಕ್ಕೆ ಇತ್ತು ಅಮ್ಮ" ಅಂದಳು. ಚೌಕುಳಿ ಪುಸ್ತಕ ತಂದಿದ್ದೇವೆ. ಹೊಸ ಮೊಟ್ಟೆ ಇನ್ನೂ ಇಟ್ಟಿಲ್ಲ, ಪರೀಕ್ಷೆ ಮುಗಿಯಲಿ ಅಂದಿದ್ದಾಳೆ. ಅಷ್ಟು ಬುದ್ಧಿ ನನಗಿರಲಿಲ್ಲ ಆ ವಯಸ್ಸಿನಲ್ಲಿ.

ಪೊನ್ನಂಪೇಟೆ ಪಿಕ್ಸೆಲ್

ಎಲ್ಲರಿಗೂ ಒಂದು ಮಳೆಗಾಲದ ಸಲಹೆ. ನಮ್ಮ ಕಡೆ ಜುಲೈ, ಆಗಸ್ಟಿನಲ್ಲಿ ಬಟ್ಟೆಯೇ ಒಣಗುವುದಿಲ್ಲ, ಚಪ್ಪಲಿಗೂ ಬೂಸ್ಟು ಬರುತ್ತದೆ. ಈ ಯಂತ್ರದೊಳಗೂ ತೇವ ಹೋಗುತ್ತದೆ. ಬ್ಯಾಟರಿ ಕೂರುವ ತಗಡಿಗೆ ಹಸಿರು ಕಿಲುಬು ಹಿಡಿದರೆ ಸ್ಕ್ರೀನ್ ಮಸುಕಾಗುತ್ತದೆ, ಒಂದು ದಿನ ಆರಿಯೇ ಹೋಗುತ್ತದೆ. ಹೊಸ ಚಪ್ಪಲಿ ಡಬ್ಬದಲ್ಲಿ ಬರುವ ಸಿಲಿಕಾ ಪೊಟ್ಟಣ ಇರುತ್ತದಲ್ಲ, ಅದರ ಜೊತೆ ಮುಚ್ಚಳದ ಡಬ್ಬಿಯಲ್ಲಿ ರಾತ್ರಿ ಇಡಿ. ಒಲೆ ಮೇಲಿನ ಅಟ್ಟದಲ್ಲಿ ಮಾತ್ರ ಬೇಡ, ಪ್ಲಾಸ್ಟಿಕ್ ಮೆತ್ತಗಾಗುತ್ತದೆ.

ಕರೆಂಟ್ ಹೋದರೂ, ಟವರ್ ಇಲ್ಲದಿದ್ದರೂ ಇದು ನಡೆಯುತ್ತದೆ. ಕೊಡಗಿಗೆ ಹೇಳಿ ಮಾಡಿಸಿದ ಹಾಗಿದೆ.

ಸುಂಟಿಕೊಪ್ಪದ ಅಮ್ಮ

ಬ್ಯಾಟರಿ ಎಲ್ಲಿ ಸಿಗುತ್ತದೆ? ಸ್ಕ್ರೀನ್ ಮಸುಕಾಗುತ್ತಿದೆ. ಬದಲಾಯಿಸಿದರೆ ಮರಿ ಉಳಿಯುತ್ತದಾ?

ರೊಬಸ್ಟಾ ರಾಯ

ನಿಮ್ಮದಕ್ಕೆ ಸಿಆರ್2032, ಒಂದು ಸಾಕು. ಮಡಿಕೇರಿ ಶುಕ್ರವಾರ ಸಂತೆಗೆ ಹೋದಾಗ ಯಾವ ವಾಚು ರಿಪೇರಿ ಅಂಗಡಿಯಲ್ಲಿ ಕೇಳಿದರೂ ಕೊಡುತ್ತಾರೆ. ಹಳೇ 1997ರ ಯಂತ್ರ ಇರುವವರಿಗೆ ಎಲ್‌ಆರ್44, ಎರಡು ಬೇಕು. ಬ್ಯಾಟರಿ ತೆಗೆದರೆ ಮರಿ ಹೋಗುತ್ತದೆ, ಮತ್ತೆ ಮೊಟ್ಟೆಯಿಂದಲೇ ಶುರು. ಹಾಗಾಗಿ ಈ ಮರಿ ಮುಗಿಯುವ ತನಕ ಎಳೆಯಿರಿ. ಶಬ್ದ ನಿಲ್ಲಿಸಿದರೆ ಸ್ವಲ್ಪ ಜಾಸ್ತಿ ಬಾಳಿಕೆ.

ಹಿಂದಿನ ಸ್ಕ್ರೂ ತುಂಬಾ ಚಿಕ್ಕದು. ಬಿಗಿಯಾಗಿ ಹಾಕಿ, ಸಡಿಲ ಬಿಡಬೇಡಿ. ಹಳೇ ಬ್ಯಾಟರಿಯನ್ನು ಚಿಕ್ಕ ಮಕ್ಕಳ ಕೈಗೆ ಸಿಗುವ ಹಾಗೆ ಎಲ್ಲೂ ಇಡಬೇಡಿ. ಈ ಬಿಲ್ಲೆ ನುಂಗಿದರೆ ಎರಡು ಗಂಟೆಯೊಳಗೇ ಅನ್ನನಾಳ ಸುಡಬಹುದು. ನುಂಗಿದ ಸಂಶಯ ಬಂದರೂ ಸಾಕು, ವಾಂತಿ ಮಾಡಿಸಲಿಕ್ಕೆ ಹೋಗದೆ ನೇರ ಆಸ್ಪತ್ರೆಗೆ. ಇದೊಂದು ವಿಷಯದಲ್ಲಿ ನಾನು ತಮಾಷೆ ಮಾಡುವುದಿಲ್ಲ.

ಸುಂಟಿಕೊಪ್ಪದ ಅಮ್ಮ

ಸರಿ ರಾಯರೇ, ಬರೆದಿಟ್ಟುಕೊಂಡೆ.

ಸುದ್ದಿ: ಇವತ್ತು ಬೆಳಗ್ಗೆ ಎದ್ದಾಗ ಮಾಸ್ಕುಚಿ ಆಗಿದೆ! ಮಗ ಮುಖ ಊದಿಸಿಕೊಂಡಿದ್ದ, ನೀವು ಬರೆದದ್ದು ಓದಿ ಹೇಳಿದ ಮೇಲೆ ಅಜ್ಜಿಯ ಹತ್ತಿರ ಹೋಗಿ ಓಯಾಜಿಚಿ ಬರುವ ತನಕ ಬೈಯಬೇಡಿ ಅಂತ ಅವನೇ ಹೇಳುತ್ತಿದ್ದಾನೆ. ಅವರು ಯಾವತ್ತು ಬೈದಿದ್ದರು?

ಮತ್ತೆ ಇನ್ನೊಂದು. ಅತ್ತೆಗೂ ಬೇರೆ ಒಂದು ಬೇಕಂತೆ. ಯಾರ ಹತ್ತಿರವಾದರೂ ಉಪಯೋಗಿಸದೆ ಇಟ್ಟದ್ದು ಇದ್ದರೆ ಹೇಳಿ, ಬಂದು ತೆಗೆದುಕೊಳ್ಳುತ್ತೇವೆ. ಬಣ್ಣ ಯಾವುದಾದರೂ ಆಗಬಹುದು. ಗುಂಡಿ ಮಾತ್ರ ಸ್ವಲ್ಪ ದೊಡ್ಡದಿರಲಿ ಅಂದರು.